ಮನ್ಸೂರಾದ ಗ್ಯಾಸ್ ಕಾಕ

ಅವರು ತೀರಿಹೋದ ಸುದ್ದಿ ನನಗೆ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಪೇಪರ್ ತಿದ್ದುತ್ತಿರುವಾಗ ಬಂತು. ಉಪ್ಪಿನಂಗಡಿಯಿಂದ ಅವರ ಮಗಳು ವಾಟ್ಸಾಪಿನಲ್ಲಿ ಅರ್ಧ ನಿಮಿಷ ಮಾತಾಡಿ ಕಳಿಸಿದ್ದಳು. "ಟೀಚರೇ, ಅಪ್ಪ ಹೋದ್ರು. ಬೆಳಿಗ್ಗೆ ಚಾ ಕುಡಿದು ನನ್ನ ಹತ್ರ ಪೇಪರ್ ಓದಿಸ್ತಾ ಇದ್ರು. ನಿಮಗೆ ತಿಳಿಸ್ಬೇಕು ಅನಿಸ್ತು." ಅಷ್ಟೇ. ಕೇಳಿ ಮುಗಿಸಿ ಫೋನು ಕೆಳಗಿಟ್ಟ ಮೇಲೆ ನನಗೆ ಅಳು ಬರಬೇಕಿತ್ತು. ಬಂದದ್ದು ನಗು. ಎದುರಿಗೆ ಕೂತಿದ್ದ ಕೆಮಿಸ್ಟ್ರಿ ಮೇಡಂ ಗಾಬರಿಯಾಗಿ ನನ್ನನ್ನೇ ನೋಡಿದರು.

ಅವರನ್ನು ನೆನೆಸಿಕೊಂಡರೆ ನಗದೆ ಇರಲು ಸಾಧ್ಯವಿರಲಿಲ್ಲ. ಹೆಸರು ಬರೆಯುವುದಿಲ್ಲ. ಒಮ್ಮೆ ನಾನು ತಮಾಷೆಗೆ, "ಕಾಕ, ನಿಮ್ಮ ಬಗ್ಗೆ ಬರೀತೀನಿ" ಅಂದಾಗ, "ಬರೀರಿ ಟೀಚರೇ, ಹೆಸರು ಮಾತ್ರ ಬೇಡ. ನನ್ನ ಹತ್ರ ಗ್ಯಾಸ್ ಕೇಳ್ಲಿಕ್ಕೆ ಬಂದವರ ಹೆಂಡತಿಯರೆಲ್ಲ ಇನ್ನೂ ಗಟ್ಟಿಯಾಗಿ ಇದ್ದಾರೆ" ಅಂದಿದ್ದರು. ದೋಹಾದ ಕನ್ನಡದವರಿಗೆಲ್ಲ ಅವರು ಗ್ಯಾಸ್ ಕಾಕ. ಹಾಗೆಂದು ಅಡುಗೆ ಗ್ಯಾಸ್ ಮಾರುವವರಲ್ಲ. ಅಲ್ ಮನ್ಸೂರಾದಲ್ಲಿ, ಒಂದು ಪಕ್ಕ ಮಸಾಲೆ ದೋಸೆಯ ಹೋಟೆಲು, ಇನ್ನೊಂದು ಪಕ್ಕ ಊರಿಗೆ ದುಡ್ಡು ಕಳಿಸುವ ಎಕ್ಸ್‌ಚೇಂಜು, ಇವೆರಡರ ಮಧ್ಯೆ ಹತ್ತಡಿ ಅಗಲದ ಹಾರ್ಡ್‌ವೇರ್ ಅಂಗಡಿ ಅವರದು. ಮೊಳೆ, ನಲ್ಲಿ, ಬೀಗ ಎಲ್ಲ ಇತ್ತು. ಆದರೆ ಅವರ ನಿಜವಾದ ಕಸುಬು ಸಿಲಿಂಡರಿಗೆ ತಕ್ಕ ರೆಗ್ಯುಲೇಟರು ಹೊಂದಿಸಿಕೊಡುವುದು. ಜ್ಯೂಸ್ ಅಂಗಡಿಯ ಸೋಡಾ ಮಶೀನು, ಅಕ್ವೇರಿಯಮ್ಮು, ವೆಲ್ಡಿಂಗು, ಎಲ್ಲಿ ಗ್ಯಾಸು ಉಂಟೋ ಅಲ್ಲಿ ಕಾಕ. ಸಿಲಿಂಡರ್‌ಗಳನ್ನು ಇಂಡಸ್ಟ್ರಿಯಲ್ ಏರಿಯಾಕ್ಕೆ ಒಯ್ದು ತುಂಬಿಸಿ, ತಮ್ಮ ಹಳೇ ಪಿಕಪ್ಪಿನಲ್ಲಿ ವಾಪಸು ತರುತ್ತಿದ್ದರು.

ಕುಳ್ಳಗಿನ ಆಳು. ಗಡ್ಡಕ್ಕೆ ಮದರಂಗಿ. ಅದರ ಬಗ್ಗೆ ಬಹಳ ಅಭಿಮಾನ. ಕ್ಯಾಶ್ ಡ್ರಾಯರಿನಲ್ಲಿ ಸಣ್ಣ ಕನ್ನಡಿ ಇಟ್ಟುಕೊಂಡಿದ್ದರು. ಎಡಗಿವಿ ಕೇಳುತ್ತಿರಲಿಲ್ಲ. ತಮಗೆ ಇಷ್ಟವಿಲ್ಲದ ಮಾತು ಬಂದರೆ ಆ ಕಿವಿಯನ್ನು ನಮ್ಮ ಕಡೆ ತಿರುಗಿಸಿಬಿಡುತ್ತಿದ್ದರು. ಚೌಕಾಸಿ ಮಾಡುವವರಿಗೆಲ್ಲ ಸಿಗುತ್ತಿದ್ದುದು ಎಡಗಿವಿಯೇ.

ಮೊದಲು ಅವರ ಅಂಗಡಿ ಮುಶೈರಿಬ್‌ನ ಹಳೇ ಗಲ್ಲಿಯೊಂದರಲ್ಲಿತ್ತಂತೆ. ಹೊಸ ಕಟ್ಟಡಗಳಿಗಾಗಿ ಆ ಗಲ್ಲಿಯನ್ನು ಕೆಡವಿದಾಗ ಇಲ್ಲಿಗೆ ಬಂದರು. ಬರುವಾಗ ಅಲ್ಲಿಯ ತಗಡಿನ ಮಾಡಿನಿಂದ ಒಂದು ತುಂಡು ಕತ್ತರಿಸಿ ತಂದು ಇಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ನೇತುಹಾಕಿದ್ದರು. ಅದರ ನಡುವೆ ಮುಷ್ಟಿಗಾತ್ರದ ಒಂದು ಕುಳಿ, ಕುಳಿಯ ತುದಿಯಲ್ಲಿ ಹರಿದ ತೂತು. ಅದೇನೆಂದು ಕೇಳಿದ ಒಬ್ಬೊಬ್ಬರಿಗೂ ಒಂದೊಂದು ಕತೆ. ಮಲಯಾಳಿಗಳಿಗೆ, ಕುವೈತ್ ಯುದ್ಧದಲ್ಲಿ ದಾರಿ ತಪ್ಪಿ ಬಂದ ಗುಂಡು. ಫಿಲಿಪಿನೋ ಹುಡುಗಿಯರಿಗೆ, ಆರ್ಟು. ಅಂಗಡಿ ತಪಾಸಣೆಗೆ ಬಂದ ಅಧಿಕಾರಿಗೆ, "ತಗಡು ಹುಟ್ಟುವಾಗ್ಲೇ ಹಾಗೆ."

ನಾವು ಅವರ ಬಳಿ ಹೋದದ್ದು ನಮ್ಮನೆಯವರ ಕರ್ಮದಿಂದ. ವಿಶ್ವಕಪ್ಪಿಗೆ ಇನ್ನೂ ಮೂರು ವರ್ಷ ಇತ್ತು. ಮೆಟ್ರೋ ಆಗತಾನೇ ಓಡಲು ಶುರುವಾಗಿತ್ತು. ಊರೆಲ್ಲ ಅಗೆದ ರಸ್ತೆ, ಕ್ರೇನು, ತಿರುಗುದಾರಿ. ನಮ್ಮನೆಯವರು ಒಂದು ಕನ್‌ಸ್ಟ್ರಕ್ಷನ್ ಕಂಪನಿಯಲ್ಲಿ ಎಸ್ಟಿಮೇಟ್ ಹಾಕುವ ಕೆಲಸದಲ್ಲಿದ್ದರು. ಅವರ ಇಂಗ್ಲಿಷ್ ಬಾಸು ಕಾಂಟ್ರಾಕ್ಟ್ ಮುಗಿದು ಊರಿಗೆ ಹೊರಡುವಾಗ ಬೇಡದ ಸಾಮಾನೆಲ್ಲ ಆಫೀಸಿನವರಿಗೆ ಹಂಚಿದನಂತೆ. ಒಬ್ಬರಿಗೆ ಸೋಫಾ, ಒಬ್ಬರಿಗೆ ಇಸ್ತ್ರಿ ಮೇಜು. ನಮ್ಮವರು ಮದೀನತ್ ಖಲೀಫಾದ ನಮ್ಮ ಮನೆಗೆ ಹೊತ್ತು ತಂದದ್ದು ಸ್ಟೀಲಿನ ಎರಡು ಕೆಗ್ಗು, ಅಂದರೆ ಉದ್ದನೆಯ ಪೀಪಾಯಿ, ಒಂದಷ್ಟು ಪೈಪು, ಎರಡು ಮೀಟರುಗಳಿರುವ ಒಂದು ಹಿತ್ತಾಳೆ ರೆಗ್ಯುಲೇಟರು.

"ಇದೇನ್ರೀ? ಹಾಲಿನ ಕ್ಯಾನು?" ಅಂತ ಕೇಳಿದೆ.

"ಸೋಡಾ ಮಾಡೋದು ಕಣೇ. ಮನೇಲೇ. ನಲ್ಲಿ ತಿರುಗಿಸಿದ್ರೆ ಸೋಡಾ ಬರತ್ತೆ."

ಹೆಂಡತಿಯಾದವಳಿಗೆ ಗಂಡನ ಮುಖದಲ್ಲಿ ಸುಳ್ಳು ಎಲ್ಲಿ ಕೂರುತ್ತದೆ ಎಂಬುದು ಗೊತ್ತಿರುತ್ತದೆ. ನಮ್ಮವರಿಗೆ ಅದು ಮೂಗಿನ ತುದಿಯಲ್ಲಿ. ಅಂದು ಮೂಗು ಸ್ವಲ್ಪ ಕೆಂಪಾಗಿತ್ತು. ಆದರೂ ಸುಮ್ಮನಿದ್ದೆ. ಮರುವಾರ ಯಾರೋ ಅಮೆರಿಕದವನು ಊರು ಬಿಡುವಾಗ ಮಾರಿದ ಸಣ್ಣ ಅಲ್ಯೂಮಿನಿಯಂ ಸಿಲಿಂಡರೂ ಬಂತು. ಖಾಲಿ. ಅದಕ್ಕೆ ಸೋಡಾದ ಕಾರ್ಬನ್ ಡೈಆಕ್ಸೈಡ್ ತುಂಬಿಸಿಕೊಡುವವರು ಯಾರೆಂದು ವಿಚಾರಿಸಿದಾಗ ಎಲ್ಲರೂ ಹೇಳಿದ್ದು ಒಂದೇ ಹೆಸರು.

ನಮ್ಮವರು ಮೊದಲು ಒಬ್ಬರೇ ಹೋಗಿಬಂದರು. "ಆ ಕಾಕ ವಿಚಿತ್ರ ಮನುಷ್ಯ. ಗಿರಾಕಿಗೆ ಸಾಮಾನು ಕೊಡೋದು ಬಿಟ್ಟು ಪ್ರಶ್ನೆ ಕೇಳ್ತಾನೆ" ಎಂದು ಗೊಣಗಿದರು. ಎರಡನೇ ಸಲ, ಒಂದು ಶನಿವಾರ ಬೆಳಿಗ್ಗೆ, ದೋಸೆಯ ಆಸೆಗೆ ನಾನೂ ಜೊತೆಗೆ ಹೋದೆ.

ಕಾಕ ನಮ್ಮನ್ನು ನೋಡಿ ಸ್ಟೂಲು ಎಳೆದು ಕೊಟ್ಟರು. "ಬನ್ನಿ ಸಾರ್, ಬನ್ನಿ. ಮೇಡಂ, ನೀವು?"

"ನಾನು ಇವರ ಮನೆಯವಳು. ಸ್ಕೂಲಲ್ಲಿ ಫಿಸಿಕ್ಸ್ ಹೇಳಿಕೊಡ್ತೀನಿ."

"ಓ, ಟೀಚರ್!" ಅಂದರು. ಅಂದಿನಿಂದ ಕೊನೆಯವರೆಗೆ ನಾನು ಟೀಚರೇ. "ಸಾರ್, ಮೀನು ಹೇಗೆ ಉಂಟು?"

ನಾನು ನಮ್ಮವರ ಮುಖ ನೋಡಿದೆ. "ಯಾವ ಮೀನು?"

ನಮ್ಮವರು ಕೆಮ್ಮಿದರು. "ಇಲ್ಲ ಕಾಕ, ಅದು... ಈಗ ಮೀನಿಗಲ್ಲ. ಸೋಡಾಕ್ಕೆ."

"ಹೌದಾ! ಹೋದ ವಾರ ಮೀನಿನ ಟ್ಯಾಂಕಿಗೆ ಅಂದ್ರಲ್ಲ. ಈ ವಾರ ಮೀನು ಸೋಡಾ ಕುಡಿಲಿಕ್ಕೆ ಶುರು ಮಾಡಿತಾ?" ಮುಖದಲ್ಲಿ ಒಂದು ಗೆರೆ ಸಡಿಲಿಸದೆ ಕೇಳಿದರು. "ಆಗ್ಲಿ. ಸೋಡಾ ಒಳ್ಳೆದು. ಎಷ್ಟು ಪ್ರೆಶರಿಗೆ ಇಡ್ತೀರಿ?"

ನಮ್ಮವರಿಗೆ ಉತ್ತರ ಬಾಯಲ್ಲೇ ಇತ್ತು. ವಾರಗಟ್ಟಲೆ ಕಂಪ್ಯೂಟರಿನಲ್ಲಿ ಓದಿದ್ದರಲ್ಲ! ಎದೆಯುಬ್ಬಿಸಿ, "ಹನ್ನೆರಡು ಪಿಎಸ್‌ಐ" ಅಂದರು.

ಕಾಕ ಅವರನ್ನು ಬಿಟ್ಟು ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಟೀಚರೇ, ಹನ್ನೆರಡರಲ್ಲಿ ಸೋಡಾ ಆಗುದಿಲ್ಲ. ಸಪ್ಪೆ ನೀರಾಗ್ತದೆ. ಸೋಡಾ ಚುರ್ ಅಂತ ಮೂಗಿಗೆ ಹೊಡಿಬೇಕಾದ್ರೆ ಮೂವತ್ತು, ಮೂವತ್ತೈದು ಬೇಕು. ಹನ್ನೆರಡರಲ್ಲಿ ಆಗುದು ಬೇರೆ ಒಂದು ಉಂಟು."

"ಏನು?"

"ಅದು ನನ್ನ ಬಾಯಲ್ಲಿ ಬರ್ಲಿಕ್ಕಿಲ್ಲ. ನಾನು ಹಜ್ಜಿಗೆ ಹೋಗಿ ಬಂದವ."

ನಮ್ಮವರ ಮೂಗು ಟೊಮೆಟೊ ಆಗಿತ್ತು. ಈ ದೇಶದಲ್ಲಿ ಮನೆಯಲ್ಲಿ ಬಿಯರು ಮಾಡಿ ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ನನ್ನ ಕೆಲಸ, ಅವರ ಕೆಲಸ, ಮಗಳ ಶಾಲೆ, ಎಲ್ಲಕ್ಕೂ ಒಂದೇ ದಿನ ಖಲಾಸ್. ನಾನು "ರೀ" ಅಂದೆ, ಅಷ್ಟೇ. ಕಾಕ ಎಡಗಿವಿಯನ್ನು ನಮ್ಮ ಕಡೆ ತಿರುಗಿಸಿ, ಮೊಳೆಯ ಡಬ್ಬಿಗಳನ್ನು ಬಹಳ ಶ್ರದ್ಧೆಯಿಂದ ಜೋಡಿಸತೊಡಗಿದರು.

ಆಮೇಲೆ ಗೊತ್ತಾಯಿತು, ಇದು ಅವರ ಹಳೇ ಪರೀಕ್ಷೆ. ಸೋಡಾಕ್ಕೆಂದು ಗ್ಯಾಸು ಕೇಳಿ ಬಂದ ಯಾರನ್ನೂ ಅವರು ಪ್ರೆಶರ್ ಎಷ್ಟೆಂದು ಕೇಳದೆ ಬಿಡುತ್ತಿರಲಿಲ್ಲ. ಮೂವತ್ತು ಎಂದವನಿಗೆ ಗ್ಯಾಸು. ಹತ್ತೋ ಹನ್ನೆರಡೋ ಎಂದವನಿಗೆ "ಸ್ಟಾಕ್ ಮಾಫಿ," ಅರಬ್ಬಿಯಲ್ಲಿ ಇಲ್ಲ ಅಂತ. ಹಿಂದೆ ನಾಲ್ಕು ತುಂಬಿದ ಸಿಲಿಂಡರು ಕಣ್ಣಿಗೆ ಹೊಡೆಯುವಂತೆ ನಿಂತಿದ್ದರೂ ಮಾಫಿ.

ನಾನು ಅಲ್ಲೇ ತೀರ್ಮಾನ ಹೇಳಿದೆ: "ಕಾಕ, ಸೋಡಾನೇ ಮಾಡ್ತೀವಿ. ಮೂವತ್ತೈದಕ್ಕೆ. ನಾನು ಮೀಟರ್ ನೋಡ್ತಾ ಇರ್ತೀನಿ."

ಕಾಕನ ಮುಖ ಅರಳಿತು. ಆದರೆ ಸಿಲಿಂಡರನ್ನೂ ರೆಗ್ಯುಲೇಟರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದ ಕೂಡಲೇ ತಲೆ ಅಡ್ಡ ಆಡಿಸಿದರು. "ಇದಕ್ಕೂ ಇದಕ್ಕೂ ಆಗುದಿಲ್ಲ. ಸಿಲಿಂಡರ್ ಅಮೆರಿಕದ್ದು. ರೆಗ್ಯುಲೇಟರ್ ಇಂಗ್ಲೆಂಡಿಂದು."

"ಆಗತ್ತೆ ಕಾಕ, ನಾನು ಹಾಕಿ ನೋಡಿದ್ದೀನಿ. ನಟ್ಟು ಸರಿಯಾಗಿ ಕೂರತ್ತೆ" ಅಂದರು ನಮ್ಮವರು. ಒಂದು ಸಲ ಸೋತವರಿಗೆ ಇನ್ನೊಂದರಲ್ಲಿ ಗೆಲ್ಲಬೇಕಲ್ಲ.

ಕಾಕ ಡ್ರಾಯರಿನಿಂದ ಒಂದು ವರ್ನಿಯರ್ ಕ್ಯಾಲಿಪರ್ ತೆಗೆದು ನನ್ನ ಕೈಗೆ ಕೊಟ್ಟರು. "ಟೀಚರೇ, ನೀವೇ ಅಳತೆ ಮಾಡಿ. ಇದು ಸಾರಿನ ಸಿಲಿಂಡರ್. ಆ ಮೂಲೆಯಲ್ಲಿ ಇರುದು ಇಂಗ್ಲೆಂಡಿನ ಮಾದರಿ. ಎರಡರ ಮೂತಿ ನೋಡಿ."

ಹದಿನೈದು ವರ್ಷದಿಂದ ಮಕ್ಕಳಿಗೆ ವರ್ನಿಯರ್ ಹೇಳಿಕೊಟ್ಟವಳು ನಾನು. ಮಾರ್ಬಲ್ ಗೋಲಿ, ಪೆನ್ಸಿಲು, ಗಾಜಿನ ಕಡ್ಡಿ ಬಿಟ್ಟರೆ ಬೇರೇನನ್ನೂ ಅಳೆದಿರಲಿಲ್ಲ. ನಮ್ಮ ಸಿಲಿಂಡರಿನ ಮೂತಿ ಇಪ್ಪತ್ತು ಪಾಯಿಂಟ್ ಒಂಬತ್ತು ಮಿಲಿಮೀಟರ್. ಇನ್ನೊಂದರದು ಇಪ್ಪತ್ತೊಂದು ಪಾಯಿಂಟ್ ಎಂಟು.

"ಒಂದು ಮಿಲಿಮೀಟರೂ ಇಲ್ಲ ವ್ಯತ್ಯಾಸ" ಅಂದೆ.

"ಅದೇ ಮೋಸ. ತುಂಬ ದೊಡ್ಡದಾಗಿದ್ರೆ ನಟ್ಟು ಹಿಡಿಯುದೇ ಇಲ್ಲ, ಗೊತ್ತಾಗ್ತದೆ. ಇದರಲ್ಲಿ ತಿರುಪಿನ ಗೆರೆಗಳ ಅಂತರ ಎರಡಕ್ಕೂ ಒಂದೇ. ಹಾಗಾಗಿ ತಿರುಗ್ತದೆ, ಬಿಗಿ ಆದ ಹಾಗೆ ಆಗ್ತದೆ. ಹಿಡಿದದ್ದು ಮಾತ್ರ ತುದಿಯಲ್ಲಿ. ಒಳಗಿಂದ ಪ್ರೆಶರ್ ಬಂದಾಗ ಬಿಟ್ಟುಬಿಡ್ತದೆ." ನಮ್ಮವರ ಕಡೆ ತಿರುಗಿ, "ಸಾರ್, ಹತ್ತು ದಿನ ಕೊಡಿ. ಇದಕ್ಕೆ ಸರಿಯಾದ ನಟ್ಟು ತರಿಸ್ತೇನೆ. ಅಷ್ಟರ ತನಕ ಎರಡೂ ಇಲ್ಲೇ ಇರ್ಲಿ" ಅಂದರು.

"ಪರವಾಗಿಲ್ಲ, ಮನೇಲೇ ಇರತ್ತೆ" ಎಂದು ನಮ್ಮವರು ಎರಡನ್ನೂ ಚೀಲಕ್ಕೆ ತುರುಕಿಕೊಂಡರು. ಅಭಿಮಾನಕ್ಕೆ ಪೆಟ್ಟು ಬಿದ್ದಿತ್ತು.

ಆ ಅಭಿಮಾನ ಐದು ದಿನ ಕಾಯಿತು. ಆರನೆಯ ದಿನ ಗುರುವಾರ. ಮರುದಿನ ನಮ್ಮ ಮನೆಯಲ್ಲಿ ಗೆಳೆಯರ ಊಟ ಇತ್ತು. ಅವರಿಗೆಲ್ಲ ನಲ್ಲಿಯಿಂದ ಸೋಡಾ ಕುಡಿಸಿ ತೋರಿಸಬೇಕೆಂದು ನಮ್ಮವರು ಅರ್ಧ ದಿನ ರಜೆ ಹಾಕಿ, ಬೇರೆ ಎಲ್ಲೋ ಸಿಲಿಂಡರ್ ತುಂಬಿಸಿ ತಂದಿದ್ದರು. ನಾನು ಮಧ್ಯಾಹ್ನ ಶಾಲೆಯಿಂದ ಬಂದು ಅಡುಗೆಮನೆಗೆ ಕಾಲಿಟ್ಟಾಗ ಸಿಲಿಂಡರು ಫ್ರಿಜ್ಜಿಗೂ ಒಲೆಗೂ ನಡುವಿನ ಸಂದಿಯಲ್ಲಿ ನಿಂತಿತ್ತು. ಅದರ ಕುತ್ತಿಗೆಯಲ್ಲಿ ಬಿಳಿ ಟೇಪು, ನಲ್ಲಿಗೆ ಸುತ್ತುವಂಥದ್ದು, ಹತ್ತಾರು ಸುತ್ತು. ಅದರ ಮೇಲೆ ಇಂಗ್ಲೆಂಡಿನ ನಟ್ಟು. ಎಲ್ಲಿಂದಲೋ ಸುಯ್ ಎಂಬ ಸದ್ದು. ನಮ್ಮವರ ಕೈಯಲ್ಲಿ ದೊಡ್ಡ ಸ್ಪ್ಯಾನರು.

"ಸ್ವಲ್ಪ ಲೀಕ್ ಇದೆ ಕಣೇ. ಇನ್ನೊಂದು ಸುತ್ತು ಬಿಗಿ ಮಾಡಿದ್ರೆ ಸರಿಹೋಗತ್ತೆ."

ನಾನೇ ಅಳೆದ ಎರಡು ಸಂಖ್ಯೆಗಳು ನನ್ನ ಕಣ್ಣ ಮುಂದೆ ಬಂದು ನಿಂತವು. ಕಾಕನಿಗೆ ಫೋನು ಮಾಡಿದೆ.

"ಹೇಳಿ ಟೀಚರೇ... ಅದೆಂತ ಶಬ್ದ?"

ಹೇಳಿದೆ.

ಅವರ ಸ್ವರ ಬದಲಾಯಿತು. "ಸ್ಪ್ಯಾನರ್ ಕೆಳಗೆ ಇಡ್ಲಿಕ್ಕೆ ಹೇಳಿ. ಈಗಲೇ. ನಟ್ಟಿನ ಎದುರು ನಿಲ್ಲದೆ ವಾಲ್ವ್ ಮುಚ್ಚಲಿಕ್ಕೆ ಕೈ ಎಟಕ್ತದಾ?"

ಸಂದಿ ಇಕ್ಕಟ್ಟು. ಎದುರು ಬಗ್ಗದೆ ಸಾಧ್ಯವೇ ಇರಲಿಲ್ಲ. "ಇಲ್ಲ ಕಾಕ."

"ಹಾಗಾದ್ರೆ ಬಿಟ್ಟುಬಿಡಿ. ಇಬ್ರೂ ಹೊರಗೆ ಬನ್ನಿ. ಅಡುಗೆಮನೆ ಬಾಗಿಲು ಎಳ್ಕೊಳ್ಳಿ. ಗೇಟಿನ ಹತ್ರ ನಿಲ್ಲಿ. ನಾನು ಬರ್ತೇನೆ. ಯಲ್ಲಾ, ಬೇಗ!"

ನಮ್ಮವರು ಬರಲೊಪ್ಪಲಿಲ್ಲ. "ಸುಮ್ನೆ ಗಾಬರಿ ಮಾಡ್ತಾರೆ" ಅಂದರು. ಮದುವೆಯಾದ ಮೇಲೆ ಮೊದಲ ಬಾರಿಗೆ ನಾನು ಅವರ ಅಂಗಿಯ ಕಾಲರು ಹಿಡಿದು ಎಳೆದೆ. ಸ್ಪ್ಯಾನರು ನೆಲಕ್ಕೆ ಬಿತ್ತು. ಮಗಳು ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಅಭ್ಯಾಸಕ್ಕೆ ಉಳಿದಿದ್ದಳು, ಸದ್ಯ. ಹೊರಗೆ ಬಿಸಿಲು ಉರಿಯುತ್ತಿತ್ತು. ಕಾಂಪೌಂಡ್ ಗೋಡೆಯ ಒಂದಡಿ ನೆರಳಿನಲ್ಲಿ ಇಬ್ಬರೂ ಗೋಡೆಗೆ ಬೆನ್ನು ಹಚ್ಚಿ ನಿಂತೆವು.

ಇಪ್ಪತ್ತು ನಿಮಿಷಕ್ಕೆ ಕಾಕನ ಪಿಕಪ್ಪು ಬಂತು. ಅವರು ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟಿದ್ದರು. ಆಗ ಒಳಗಿನಿಂದ ಸದ್ದು ಬಂತು. ಮೊದಲು ಒಂದು ಸಿಡಿತ, ಆಮೇಲೆ ಪಾತ್ರೆಗಳೆಲ್ಲ ಒಟ್ಟಿಗೆ ಉರುಳಿದ ಗದ್ದಲ, ಆಮೇಲೆ ಯಾವುದೋ ಪ್ರಾಣಿ ಬುಸುಗುಟ್ಟುತ್ತ ಸುತ್ತಿದ ಹಾಗೆ, ಕೊನೆಗೆ ಏನೂ ಇಲ್ಲ.

ಕಾಕ ಪಿಕಪ್ಪಿನ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. "ಅಲ್‌ಹಮ್ದುಲಿಲ್ಲಾ, ಅಲ್‌ಹಮ್ದುಲಿಲ್ಲಾ" ಎಂದು ಅನ್ನುತ್ತಲೇ ಇದ್ದರು.

ಪಕ್ಕದ ಪೋರ್ಷನ್ನಿನ ಈಜಿಪ್ಟಿನ ಹೆಂಗಸು ಓಡಿ ಬಂದು ಅರಬ್ಬಿಯಲ್ಲಿ ಏನೋ ಕೇಳಿದಳು. ಕಾಕ ತಕ್ಷಣ ಎದ್ದು, ಗಡ್ಡ ನೀವಿಕೊಂಡು, ಬಹಳ ಗಂಭೀರವಾಗಿ ಉತ್ತರ ಕೊಟ್ಟರು. ಅವಳು ನನ್ನನ್ನು ಮರುಕದಿಂದ ನೋಡಿ ಹೋದಳು. "ಎಂತ ಹೇಳಿದ್ರಿ ಕಾಕ?" ಅಂದೆ. "ಪ್ರೆಶರ್ ಕುಕ್ಕರ್ ಅಂದೆ. ಟೀಚರ್ ಪಾಠ ಒಳ್ಳೆದು ಮಾಡ್ತಾರೆ, ಸಾರು ಮಾಡ್ಲಿಕ್ಕೆ ಬರುದಿಲ್ಲ ಅಂದೆ." ಆ ಹೆಂಗಸು ಅಂದಿನಿಂದ ನಾವು ಮನೆ ಬಿಡುವ ತನಕ ಆಗಾಗ ನಮಗೆ ಊಟ ಕಳಿಸುತ್ತಿದ್ದಳು.

ಕಿಟಕಿ ಬಾಗಿಲು ತೆರೆದು, ಒಳಗಿನ ಗ್ಯಾಸು ಹೋಗುವವರೆಗೆ ಕಾಕ ಯಾರನ್ನೂ ಬಿಡಲಿಲ್ಲ. ಆಮೇಲೆ ಒಳಗೆ ಹೋಗಿ ನೋಡಿದರೆ, ರೆಗ್ಯುಲೇಟರು ಎದುರಿನ ಕಪಾಟಿನ ಬಾಗಿಲನ್ನು ತೂತು ಮಾಡಿ, ಮೈಸೂರಿನಿಂದ ಹೊತ್ತು ತಂದಿದ್ದ ಅಕ್ಕಿ ಡಬ್ಬವನ್ನು ಸೀಳಿ, ಅದರ ಹಿಂದಿನ ಅವಲಕ್ಕಿ ಡಬ್ಬದೊಳಗೆ ಹೂತುಕೊಂಡಿತ್ತು. ಸಿಲಿಂಡರು ಉರುಳಿ ಓವನ್ನಿನ ಗಾಜು ಪುಡಿ ಮಾಡಿತ್ತು. ಕಪಾಟಿನ ತೂತು, ಸ್ಪ್ಯಾನರು ಹಿಡಿದು ಬಗ್ಗಿದ್ದ ನಮ್ಮವರ ಎದೆಯ ಮಟ್ಟಕ್ಕೆ ಸರಿಯಾಗಿ ಇತ್ತು. ಅವರು ಅದರ ಎದುರು ನಿಂತು, ಬೆರಳಿನಿಂದ ಅದರ ಅಂಚನ್ನು ಮುಟ್ಟಿ, ಅಲ್ಲಿಯೇ ಅಕ್ಕಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತರು.

ಕಾಕ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಒಂದು ಲೋಟ ನೀರು ಕೇಳಿ ಕುಡಿದರು. "ಸಾರ್, ನನ್ನ ಅಂಗಡಿಯ ತಗಡು ನೋಡಿದ್ದೀರಲ್ಲ?" ಅಂದರು. ಆ ದಿನ ಅವರು ಹೇಳಿದ್ದು ಗುಂಡೂ ಅಲ್ಲ, ಆರ್ಟೂ ಅಲ್ಲ.

ಮುಶೈರಿಬ್‌ನ ಅಂಗಡಿಯಲ್ಲಿ ಒಂದು ಸಂಜೆ, ಬಾಗಿಲು ಹಾಕುವ ಅವಸರದಲ್ಲಿ, ಕಾಕ ಹೀಗೆಯೇ ಒಂದು ಸಡಿಲ ನಟ್ಟನ್ನು ಟೇಪು ಸುತ್ತಿ ಕೂರಿಸಿದ್ದರು. ಸರಿಯಿಲ್ಲವೆಂದು ಗೊತ್ತಿತ್ತು. ನಾಳೆ ನೋಡಿದರಾಯಿತು ಎಂದುಕೊಂಡರು. ಆಗ ಹೊಸದಾಗಿ ಊರಿನಿಂದ ಬಂದು ಅವರ ಜೊತೆ ಕೆಲಸಕ್ಕಿದ್ದ ಅವರ ಹೆಂಡತಿಯ ತಮ್ಮ ಪಕ್ಕದಲ್ಲೇ ನಿಂತಿದ್ದ. ರೆಗ್ಯುಲೇಟರು ಹಾರಿ ಮಾಡಿಗೆ ಬಡಿಯಿತು. ಹೋಗುವಾಗ ಕಾಕನ ಎಡಗಿವಿ, ಆ ಹುಡುಗನ ಬಲಗಣ್ಣು ಎರಡನ್ನೂ ತೆಗೆದುಕೊಂಡು ಹೋಯಿತು.

"ಅವ ಊರಿಗೆ ವಾಪಸ್ ಹೋದ. ನಾನು ರಜೆಯಲ್ಲಿ ಹೋದಾಗೆಲ್ಲ ಮಂಗಳೂರು ಏರ್‌ಪೋರ್ಟಿಗೆ ಬಂದು ನಿಲ್ತಾನೆ. ಪೆಟ್ಟಿಗೆ ಅವನೇ ಹೊರ್ತಾನೆ. ಇಷ್ಟು ವರ್ಷದಲ್ಲಿ ಒಂದು ಮಾತು ಬೈಲಿಲ್ಲ ಟೀಚರೇ. ಬೈದಿದ್ರೆ ಒಳ್ಳೆದಿತ್ತು." ಲೋಟ ಕೆಳಗಿಟ್ಟು, ಪೊರಕೆ ಎಲ್ಲಿದೆ ಎಂದು ಕೇಳಿದರು. ಮೂವರೂ ಸೇರಿ ಅಕ್ಕಿ ಗುಡಿಸಿದೆವು. ನಮ್ಮವರು ತಲೆ ಎತ್ತಲಿಲ್ಲ.

ಅದಾದ ಎರಡು ವಾರಕ್ಕೆ ಕಾಕ ತಾವಾಗಿಯೇ ಬಂದರು. ಹೊಸ ರೆಗ್ಯುಲೇಟರು, ಅದೇ ಜಾತಿಯ ಸಿಲಿಂಡರು, ನಡುವೆ ಕೂರುವ ಪುಟ್ಟ ವಾಷರು. ಟೇಪಿನ ಹೆಸರೆತ್ತುವಂತಿಲ್ಲ. ಎರಡರ ಮೇಲೂ ಕೆಂಪು ಬಣ್ಣದಲ್ಲಿ ಒಂದೇ ಗುರುತು ಹಾಕಿದರು. ನಟ್ಟು ಬಿಗಿದು, ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ಐದು ನಿಮಿಷ ದಿಟ್ಟಿಸಿ ನೋಡಿ, ಮೂವತ್ತೈದಕ್ಕೆ ಇಟ್ಟರು. ಅಡುಗೆಮನೆಯಲ್ಲಿ ಅಲ್ಲ, ಹಿಂದಿನ ವರಾಂಡದಲ್ಲಿ, ಗೋಡೆಗೆ ಸರಪಳಿ ಬಿಗಿದು.

ಹಾಗೆ ಶುರುವಾದ ನಮ್ಮ ಮನೆಯ ಸೋಡಾ ನಮ್ಮವರ ಹುಚ್ಚಾಗಿ ಬೆಳೆಯಿತು. ಶುಂಠಿ ನಿಂಬೆ, ಜೀರಿಗೆ, ನನ್ನಾರಿ, ಒಮ್ಮೆ ಕಾಕನ ಊರಿನ ಪುನರ್ಪುಳಿ, ಅಂದರೆ ಕೋಕಂ. ಕಾಕ ತಿಂಗಳಿಗೊಮ್ಮೆ ವಾಷರು ನೋಡುವ ನೆಪದಲ್ಲಿ ಬಂದು, ಒಂದು ಲೋಟ ಹಿಡಿದು, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದು, ತೀರ್ಪು ಕೊಡುತ್ತಿದ್ದರು. "ಶುಂಠಿ ಜಾಸ್ತಿ. ಇದು ಸೋಡಾ ಅಲ್ಲ, ಕಷಾಯ." "ಇದು ಪಾಸು." ಪುನರ್ಪುಳಿಗೆ ಮಾತ್ರ ಲೋಟವನ್ನು ಮತ್ತೊಮ್ಮೆ ಮುಂದೆ ಚಾಚಿದರು.

ಕೊರೋನಾದ ಎರಡನೇ ಸುತ್ತಿನಲ್ಲಿ ಊರಿನಲ್ಲಿ ಆಕ್ಸಿಜನ್ ಸಿಗದೆ ಜನ ಒದ್ದಾಡಿದ್ದು ಎಲ್ಲರಿಗೂ ನೆನಪಿದೆ. ಹೇಗೋ ಸಿಲಿಂಡರು ಸಿಕ್ಕಿದವರಿಗೂ ಅದಕ್ಕೆ ಹೊಂದುವ ರೆಗ್ಯುಲೇಟರು ಸಿಗುತ್ತಿರಲಿಲ್ಲ. ಯಾರೋ ಕಾಕನ ನಂಬರು ಹಂಚಿದರು. ಅವರಿಗೆ ಕಣ್ಣು ಮಂಜಾಗಿತ್ತು. ಫೋನಿನಲ್ಲಿ ಬಂದ ಫೋಟೋ ಕಾಣುತ್ತಿರಲಿಲ್ಲ. ಶಾಲೆ ಆನ್‌ಲೈನಾಗಿದ್ದರಿಂದ ಪಾಠ ಮುಗಿದ ಕೂಡಲೇ ನಾನು ಅವರ ಜೊತೆ ಫೋನಿನಲ್ಲಿ ಸೇರಿಕೊಳ್ಳುತ್ತಿದ್ದೆ. "ವಾಲ್ವಿನ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೀಲಿಕ್ಕೆ ಹೇಳಿ ಟೀಚರೇ, ಸೈಜ್ ಗೊತ್ತಾಗ್ತದೆ." ನಾನು ನೋಡಿ ವಿವರಿಸಬೇಕು. ಅವರು ಯೋಚಿಸಿ, ಪುತ್ತೂರಿನವರಿಗೆ ಬಂಟ್ವಾಳದ ವೆಲ್ಡಿಂಗ್ ಶಾಪಿನವನ ಹತ್ತಿರ ಏನುಂಟು, ಯಾವುದನ್ನು ಮುಟ್ಟಲೇಬಾರದು, ಎಂದು ಬಿಡಿಸಿ ಹೇಳಬೇಕು. "ಎಣ್ಣೆ ಕೈಯಲ್ಲಿ ಮುಟ್ಬೇಡಿ, ಬೆಂಕಿ ಹಿಡೀತದೆ" ಎಂದು ಪ್ರತಿಯೊಬ್ಬರಿಗೂ ಎರಡು ಸಲ. ಎಷ್ಟೋ ಮನೆಗಳಲ್ಲಿ ಗ್ಯಾಸು ಹರಿಯಿತು. ಒಂದು ಮನೆಯಲ್ಲಿ ನಾವು ಎಲ್ಲ ಹೊಂದಿಸಿ ಮುಗಿಸುವ ಹೊತ್ತಿಗೆ, "ಇನ್ನು ಬೇಡ ಕಾಕ" ಎಂದು ಆ ಕಡೆಯಿಂದ ಹೆಂಗಸೊಬ್ಬರು ಹೇಳಿದರು. ಉಳಿದವರ ಹೆಸರೆಲ್ಲ ಕಾಕನಿಗೆ ಮರೆತುಹೋಯಿತು. ಆ ಹೆಂಗಸಿನ ಊರು, ಮನೆ, ಅವರ ಅಪ್ಪನ ವಯಸ್ಸು, ಕೊನೆಯವರೆಗೂ ನೆನಪಿತ್ತು.

ವಿಶ್ವಕಪ್ಪಿನ ವರ್ಷ ಬಂದಾಗ ದೋಹಾದಲ್ಲಿ ಎಲ್ಲಿ ನೋಡಿದರೂ ತಂಪು ಪಾನೀಯದ ಸ್ಟಾಲು, ಸೋಡಾ ಮಶೀನು. ಅಂಥ ಸ್ಟಾಲುಗಳನ್ನು ಹಾಕುವ ಒಬ್ಬ ಕಾಂಟ್ರಾಕ್ಟರು ಕಾಕನ ಬಳಿ ಬಂದ. ನೂರಾರು ಸಿಲಿಂಡರಿನ ಕೆಲಸ. ಅವರು ಮಾಡಬೇಕಾದ್ದು ಇಷ್ಟೇ, ಸಿಲಿಂಡರೂ ರೆಗ್ಯುಲೇಟರೂ ಸರಿ ಹೊಂದಿವೆ ಎಂದು ಸಹಿ ಹಾಕುವುದು. ಒಂದೊಂದನ್ನೂ ತೆರೆದು ನೋಡಲು ಟೈಮಿಲ್ಲ. ಕಾಕ ಎಡಗಿವಿ ತಿರುಗಿಸಿದರು. ಅವನು ಆ ಪಕ್ಕಕ್ಕೇ ಬಂದು ಇನ್ನೂ ಗಟ್ಟಿಯಾಗಿ ಹೇಳಿದ. ಕಾಕ ಸ್ಟೂಲಿನಿಂದ ಎದ್ದು, "ಮಾಫಿ" ಅಂದರು.

"ಬೇಜಾರಾಗಲಿಲ್ವಾ ಕಾಕ?" ಎಂದು ಕೇಳಿದ್ದಕ್ಕೆ, "ಬೇಜಾರಾಗದೆ ಉಂಟಾ ಟೀಚರೇ? ಮೂರು ದಿನ ಬಿರಿಯಾನಿ ರುಚಿಸ್ಲಿಲ್ಲ. ನಾನೇನು ಔಲಿಯಾನಾ, ಸಂತನಾ?" ಅಂದರು.

ಫುಟ್‌ಬಾಲಿನ ಗಂಧ ಅವರಿಗಿರಲಿಲ್ಲ. ಆದರೆ ಗಿರಾಕಿಗಳಲ್ಲಿ ಅರ್ಧ ಜನ ಅರ್ಜೆಂಟೀನಾ, ಅರ್ಧ ಜನ ಬ್ರೆಜಿಲ್. ಗಲ್ಲಾಪೆಟ್ಟಿಗೆಯ ಕೆಳಗೆ ಎರಡೂ ತಂಡದ ಶಾಲು ಇಟ್ಟುಕೊಂಡು, ಬಂದವನ ಮುಖ ನೋಡಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಎರಡೂ ಪಕ್ಷದವರು ಒಟ್ಟಿಗೆ ಬಂದಾಗ ಕುತ್ತಿಗೆಗೆ ಟವೆಲು ಸುತ್ತಿಕೊಂಡು, "ಶೀತ" ಅಂದರಂತೆ. ನಮ್ಮ ಮನೆಯ ವರಾಂಡದಲ್ಲಿ ಗೆಳೆಯರೆಲ್ಲ ಸೇರಿ ಟೀವಿಯಲ್ಲಿ ಆಟ ನೋಡುವಾಗ ಬಂದು ಕೂರುತ್ತಿದ್ದರು. ಗೋಲು ಬಿದ್ದಾಗ ಎಲ್ಲರೂ ಕುಣಿದರೆ, ಅವರು ಎದ್ದು ಹೋಗಿ ಮೀಟರಿನ ಮುಳ್ಳು ನೋಡಿ ಬರುತ್ತಿದ್ದರು.

ಆಟವೆಲ್ಲ ಮುಗಿದು ಊರು ತಣ್ಣಗಾದ ಮೇಲೆ ಕಾಕ ಅಂಗಡಿ ಬಿಟ್ಟುಕೊಟ್ಟರು. ಊರಿನಲ್ಲಿದ್ದ ಅವರ ಮಗಳು ಹಠ ಹಿಡಿದಿದ್ದಳು, ಕಣ್ಣೂ ಸಾಲದು. ಏರ್‌ಪೋರ್ಟಿಗೆ ನಾವೇ ಕರೆದುಕೊಂಡು ಹೋದೆವು. ಮಧ್ಯಾಹ್ನದ ವಿಮಾನ. ಗಡ್ಡಕ್ಕೆ ಹೊಸದಾಗಿ ಮದರಂಗಿ ಹಚ್ಚಿದ್ದರು. ಒಳಗೆ ಹೋಗುವ ಬಾಗಿಲಿನ ಹತ್ತಿರ ಟ್ರಾಲಿ ನಿಲ್ಲಿಸಿ, ನನ್ನನ್ನು ಒಮ್ಮೆ ನೋಡಿ, "ಟೀಚರೇ, ನೀವು ಸ್ವಲ್ಪ ಆ ಕಡೆ ನಿಲ್ಲಿ. ಸಾರಿನ ಹತ್ರ ಒಂದು ಕೇಳ್ಲಿಕ್ಕುಂಟು" ಅಂದರು.

ನಾನು ಎರಡು ಹೆಜ್ಜೆ ಸರಿದೆ. ಅವರಿಗೆ ಮೆಲ್ಲಗೆ ಮಾತಾ‌ಡಲು ಬರುತ್ತಿರಲಿಲ್ಲ. ಕಿವಿ ಕೇಳದವರ ಪಿಸುಮಾತು ಇಡೀ ಹಾಲಿಗೆ ಕೇಳಿಸಿತು.

"ಸಾರ್, ಬೇಜಾರು ಮಾಡ್ಕೊಳ್ಬೇಡಿ. ಈ ಬಿಯರ್ ಅಂತ ಉಂಟಲ್ಲ... ಅದು ರುಚಿ ಹೇಗಿರ್ತದೆ?"

ನಮ್ಮವರು ಆಚೀಚೆ ನೋಡಿ, ಪಾಪ, ಪ್ರಾಮಾಣಿಕವಾಗಿಯೇ ಯೋಚಿಸಿದರು. "ಹೆಂಗೆ ಹೇಳೋದು ಕಾಕ... ಹಾಗಲಕಾಯಿ ಬೇಯಿಸಿದ ನೀರು ಇರತ್ತಲ್ಲ, ಅದಕ್ಕೆ ಗ್ಯಾಸ್ ತುಂಬಿದ ಹಾಗೆ. ಸ್ವಲ್ಪ ಹಳೇ ಬ್ರೆಡ್ಡಿನ ವಾಸನೆ."

ಕಾಕ ಅವರನ್ನೇ ನೋಡುತ್ತ ನಿಂತರು. ಸುಳ್ಳೋ ನಿಜವೋ ಎಂದು ಮುಖ ಹುಡುಕಿದರು. ನಿಜವೆಂದು ಗೊತ್ತಾದ ಮೇಲೆ ಹೊಟ್ಟೆ ಹಿಡಿದು ನಕ್ಕರು, ಕೆಮ್ಮು ಬಂದು ಟ್ರಾಲಿ ಹಿಡಿದುಕೊಳ್ಳುವಷ್ಟು.

"ಇಷ್ಟೇನಾ? ಛೆ! ನಲವತ್ತು ವರ್ಷ ಸುಮ್ನೆ ಹೆದರಿದೆ ಮಾರಾಯ್ರೆ!" ಅಂದು ಕಣ್ಣೊರೆಸಿಕೊಂಡು, ಪಾಸ್‌ಪೋರ್ಟ್ ತೆಗೆದು, ಟ್ರಾಲಿ ತಳ್ಳಿಕೊಂಡು ಒಳಗೆ ನಡೆದರು.